ಲಾಯರಿಗೆ ಎಷ್ಟು ಸ್ಟಾರ್ ಕೊಡ್ತೀರಿ?

“ಒಳ್ಳೆ ಲಾಯರ್ ಯಾರಾದ್ರೂ ಗೊತ್ತಾ?” ಈ ಪ್ರಶ್ನೆ ನಮ್ಮ ಮನೆಗಳಲ್ಲಿ ದನಿ ತಗ್ಗಿಸಿಯೇ ಬರುತ್ತದೆ. ಡಾಕ್ಟರ ಹೆಸರು ಕೇಳುವವರು ಕಾಯಿಲೆ ಏನು ಅಂತಲೂ ಹೇಳುತ್ತಾರೆ. ಲಾಯರ ಹೆಸರು ಕೇಳುವವರು ವಿಷಯ ಬಿಡಿಸಿ ಹೇಳುವುದಿಲ್ಲ. ಅಣ್ಣತಮ್ಮಂದಿರ ಜಗಳ, ಮಗಳ ಸಂಸಾರ, ವಾಪಸ್ ಬಾರದ ಸಾಲ. ಯಾವುದನ್ನೂ ನಾಲ್ಕು ಜನರ ಮುಂದೆ ಆಡುವ ಹಾಗಿಲ್ಲ. ಹಾಗಾಗಿ ವಿಚಾರಿಸುವುದೂ ಅರ್ಧಂಬರ್ಧ. ಬೀಗರ ಕಡೆಯವರು ಒಂದು ಹೆಸರು ಹೇಳಿದರು, ಸ್ಟಾಂಪ್ ಪೇಪರ್ ಮಾರುವವರು ಒಂದು ಚೀಟಿ ಕೊಟ್ಟರು, ಕೋರ್ಟ್ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುವಾಗ ಯಾರೋ ಕೈ ಮಾಡಿ ತೋರಿಸಿದರು. ಬಹಳ ಜನಕ್ಕೆ ಲಾಯರ್ ಸಿಗುವುದು ಹೀಗೆಯೇ.

ಈಗ ಆ ಚೀಟಿಯ ಜಾಗಕ್ಕೆ ಫೋನು ಬಂದಿದೆ. ನಮ್ಮ ಚಿಕ್ಕಮ್ಮ ತವರಿನ ಜಮೀನಿನಲ್ಲಿ ತಮ್ಮ ಪಾಲು ಕೇಳಿ ದಾವೆ ಹಾಕಿ ವರ್ಷಗಳಾದವು. ಲಾಯರನ್ನು ಬದಲಾಯಿಸಲೇಬೇಕು ಅಂತ ತೀರ್ಮಾನಿಸಿದಾಗ ನನಗೆ ಫೋನ್ ಮಾಡಿದರು. “ಹೋಟ್ಲು, ಡಾಕ್ಟ್ರು ಎಲ್ಲಾ ಅದ್ರಲ್ಲೇ ನೋಡ್ತೀಯಲ್ಲಪ್ಪ, ಒಬ್ಬರು ನಂಬಿಕಸ್ತ ಲಾಯರನ್ನೂ ನೋಡಿಕೊಡು” ಎಂದರು. ಕೇಳಿದ್ದು ಸರಿಯಾಗಿಯೇ ಇತ್ತು. ಮಿಕ್ಸಿ ತಗೊಳ್ಳುವ ಮೊದಲು ಹತ್ತು ಜನರ ಅಭಿಪ್ರಾಯ ಓದುವ ನಾವು, ಅಪ್ಪನ ಆಸ್ತಿಯ ಪತ್ರಗಳನ್ನೆಲ್ಲ ಒಬ್ಬರ ಕೈಗೆ ಕೊಟ್ಟು ವಕಾಲತ್ತಿಗೆ ಸಹಿ ಹಾಕುವ ಮೊದಲು ಏನನ್ನೂ ಓದುವುದಿಲ್ಲ.

ಗೂಗಲ್ ಮ್ಯಾಪಿನಲ್ಲಿ ಜಿಲ್ಲಾ ಕೇಂದ್ರದ ವಕೀಲರ ಹೆಸರುಗಳನ್ನು ಹಾಕಿ ಓದುತ್ತಾ ಕೂತೆ. ಐದು ಸ್ಟಾರಿನವೆಲ್ಲ ಹೆಚ್ಚುಕಮ್ಮಿ ಒಂದೇ ಧಾಟಿ: ‘ವೆರಿ ಗುಡ್ ಅಡ್ವೊಕೇಟ್’, ‘ಬೆಸ್ಟ್ ಲಾಯರ್ ಇನ್ ಟೌನ್’. ಯಾವ ಕೇಸು, ಎಷ್ಟು ಕಾಲ ಹಿಡಿಯಿತು, ಏನು ಮಾಡಿಕೊಟ್ಟರು, ಒಂದು ಅಕ್ಷರವೂ ಇಲ್ಲ. ಒಂದು ಸ್ಟಾರಿನವು ಕೋಪದಲ್ಲಿ ಬರೆದವು: ‘ದುಡ್ಡು ತಗೊಂಡ ಮೇಲೆ ಫೋನ್ ಎತ್ತಲ್ಲ’. ಒಂದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ‘ಈ ಲಾಯರಿಂದ ನನ್ನ ಜೀವನ ಹಾಳಾಯ್ತು, ನನ್ನ ಹೆಂಡತಿಗೆ ಇಲ್ಲದ್ದನ್ನೆಲ್ಲ ಹೇಳಿಕೊಟ್ಟರು’ ಅಂತ ಇತ್ತು. ಬರೆದವರು ಎದುರು ಪಾರ್ಟಿ. ಅವರು ಆ ವಕೀಲರ ಕಕ್ಷಿದಾರರೇ ಅಲ್ಲ. ಆ ಒಂದು ಸ್ಟಾರ್, ಆ ವಕೀಲೆ ತಮ್ಮ ಕಕ್ಷಿದಾರಳ ಪರ ಗಟ್ಟಿಯಾಗಿ ನಿಂತದ್ದಕ್ಕೇ ಸಿಕ್ಕಿರಬಹುದು. ನಾನು ಆ ಹೆಸರನ್ನು ಬರೆದಿಟ್ಟುಕೊಂಡೆ.

ವಕೀಲರ ಕೆಲಸಕ್ಕೆ ಅಂಕ ಹಾಕುವುದು ಬೇರೆ ಕೆಲಸಗಳಿಗಿಂತ ಕಷ್ಟ ಯಾಕೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಕೋರ್ಟಿನಲ್ಲಿ ಇಬ್ಬರು ನಿಂತರೆ ಸಾಮಾನ್ಯವಾಗಿ ಒಬ್ಬರು ಸೋಲಲೇಬೇಕು. ಗೆದ್ದವ ಸೋತ, ಸೋತವ ಸತ್ತ ಅನ್ನುವ ಮಾತೇ ಇದೆಯಲ್ಲ. ಸೋತವರ ಲಾಯರು ಕೆಟ್ಟವರು ಅಂತೇನಿಲ್ಲ. ಕೇಸಿನಲ್ಲೇ ಹುರುಳಿಲ್ಲದಿರಬಹುದು. “ಇದು ನಿಲ್ಲಲ್ಲ, ರಾಜಿ ಮಾಡಿಕೊಳ್ಳಿ” ಅಂತ ಮೊದಲ ದಿನವೇ ನಿಜ ಹೇಳಿದವರಿಗೆ ಸ್ಟಾರ್ ಬೀಳುವುದಿಲ್ಲ. “ನೂರಕ್ಕೆ ನೂರು ನಮ್ದೇ” ಅಂತ ಬೆನ್ನು ತಟ್ಟಿದವರಿಗೆ ಅದೇ ದಿನ ಐದು ಸ್ಟಾರ್ ಬೀಳುತ್ತದೆ.

ಇನ್ನೊಂದು ಕಷ್ಟವಿದೆ. ವಕೀಲರ ಕೆಲಸದ ಮುಖ್ಯ ಭಾಗ ಕಕ್ಷಿದಾರರ ಕಣ್ಣಿಗೆ ಬೀಳುವುದೇ ಇಲ್ಲ. ಪಾಲಿನ ದಾವೆಯನ್ನೇ ತಗೊಳ್ಳಿ. ಪಾಲಿಗೆ ಹಕ್ಕಿರುವ ಎಲ್ಲರನ್ನೂ ಪಾರ್ಟಿ ಮಾಡಬೇಕು. ಮದುವೆಯಾಗಿ ದೂರ ಹೋದ ಒಬ್ಬ ಅತ್ತೆಯ ಹೆಸರು ಬಿಟ್ಟರೆ ಮುಂದೆ ದಾವೆಯೇ ಅಲ್ಲಾಡುತ್ತದೆ. ಕುಟುಂಬದ ಜಮೀನುಗಳಲ್ಲಿ ಒಂದೆರಡು ಸರ್ವೆ ನಂಬರ್ ಬಿಟ್ಟುಹೋದರೂ ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ. ಈ ತಪ್ಪು ಆಗುವುದು ದಾವೆ ಬರೆದು ಹಾಕುವ ದಿನ. ಕಕ್ಷಿದಾರರಿಗೆ ಅದು ಗೊತ್ತಾಗುವುದು ತೀರ್ಪಿನ ದಿನ, ಕೆಲವೊಮ್ಮೆ ಮೇಲ್ಮನವಿಯಲ್ಲಿ. ಅಷ್ಟರಲ್ಲಿ ಅವರು ಯಾವಾಗಲೋ ಐದು ಸ್ಟಾರ್ ಕೊಟ್ಟು ಮುಗಿಸಿರುತ್ತಾರೆ.

ಅಮೆರಿಕದಲ್ಲಿ ಇದನ್ನು ಲೆಕ್ಕಾಚಾರದಿಂದ ಬಗೆಹರಿಸಲು ನೋಡಿದರು. 2007ರ ಜೂನ್‌ನಲ್ಲಿ ಸಿಯಾಟಲ್‌ನಿಂದ ಅವ್ವೋ ಎಂಬ ತಾಣ ಶುರುವಾಯಿತು. ಕಟ್ಟಿದವರಲ್ಲಿ ಮುಖ್ಯರಾದ ಮಾರ್ಕ್ ಬ್ರಿಟನ್ ತಾವೇ ವಕೀಲರು, ಮೊದಲು ಪ್ರವಾಸದ ಟಿಕೆಟ್, ಹೋಟೆಲ್ ಬುಕ್ ಮಾಡಿಕೊಡುವ ಎಕ್ಸ್‌ಪೀಡಿಯಾ ಕಂಪನಿಯಲ್ಲಿ ಕಾನೂನು ವಿಭಾಗ ನೋಡಿಕೊಂಡಿದ್ದವರು. ಸರ್ಕಾರಿ ದಾಖಲೆಗಳಿಂದ ವಕೀಲರ ಹೆಸರು ತೆಗೆದು, ಕೇಳದೇ ಇದ್ದವರಿಗೂ ಒಂದೊಂದು ಪುಟ ತೆರೆದು, 1ರಿಂದ 10ರವರೆಗೆ ಅಂಕ ಹಾಕಿದರು. ಕಕ್ಷಿದಾರರು ಬರೆದ ಅಭಿಪ್ರಾಯ ಆ ಅಂಕದ ಲೆಕ್ಕಕ್ಕೆ ಬರುವುದಿಲ್ಲ. ಅದು ಪಕ್ಕದಲ್ಲಿ ಬೇರೆ ಸ್ಟಾರುಗಳಾಗಿ ಕಾಣುತ್ತದೆ. ಅಂಕ ಬರುವುದು ಎಷ್ಟು ವರ್ಷದ ಅನುಭವ, ಶಿಸ್ತು ಕ್ರಮ ಏನಾದರೂ ಆಗಿದೆಯಾ, ಪ್ರಶಸ್ತಿ ಏನು ಬಂದಿದೆ ಅನ್ನುವುದರಿಂದ. ವಕೀಲರು ಬಂದು ತಮ್ಮ ಪುಟ ತುಂಬಿಸಿದರೆ ಅಂಕ ಏರಬಹುದು. ಸುಮ್ನೆ ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವರ ಪುಟ ಬಡವಾಗಿಯೇ ಉಳಿಯುತ್ತದೆ.

ಶುರುವಾದ ಕೆಲವೇ ದಿನಗಳಲ್ಲಿ ಸಿಯಾಟಲ್‌ನ ಹೆಸರಾಂತ ಕ್ರಿಮಿನಲ್ ವಕೀಲರೊಬ್ಬರು ಅವ್ವೋ ಮೇಲೆ ಕೇಸು ಹಾಕಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಧೀಶ ರಾಬರ್ಟ್ ಲಾಸ್ನಿಕ್ ಅದನ್ನು ವಜಾ ಮಾಡಿದರು. ಅಂಕ ಅನ್ನುವುದು ಒಂದು ಅಭಿಪ್ರಾಯ, ಅದನ್ನು ಸರಿ ಅಥವಾ ಸುಳ್ಳು ಅಂತ ಸಾಬೀತು ಮಾಡಲಾಗದು, ಹಾಗಾಗಿ ಮಾತಿನ ಸ್ವಾತಂತ್ರ್ಯದ ರಕ್ಷಣೆ ಅದಕ್ಕಿದೆ ಎಂಬುದು ತೀರ್ಪಿನ ಸಾರ. ತಾಣ ಗೆದ್ದಿತು. ಆದರೆ ಆ ಗೆಲುವಿನ ಒಳಗೇ ಒಂದು ಮಾತಿದೆ. ದಶಾಂಶದವರೆಗೆ ಲೆಕ್ಕ ಹಾಕಿ ತೋರಿಸುವ ಅಂಕವೂ ಕೊನೆಗೆ ಯಾರೋ ಒಬ್ಬರ ಅಭಿಪ್ರಾಯವೇ. ಲಾಯರ್ ಹುಡುಕುವ ಬಡಪಾಯಿ ಮಾತ್ರ ಅದನ್ನು ಅಳೆದು ತೂಗಿದ ಸತ್ಯ ಅಂತ ಓದುತ್ತಾನೆ.

ನಮ್ಮಲ್ಲಿ ಕಥೆ ಪೂರ್ತಿ ಬೇರೆ. ಭಾರತದ ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) 36ನೇ ನಿಯಮ ಇದನ್ನು ಬಿಗಿಯಾಗಿ ಹೇಳುತ್ತದೆ. ದಲ್ಲಾಳಿಗಳ ಮೂಲಕ ಕೆಲಸ ಹಿಡಿಯಬಾರದು. ಬೋರ್ಡು ಕೂಡ ಹದವಾದ ಅಳತೆಯಲ್ಲಿರಬೇಕು, ಹಿಂದೆ ಜಡ್ಜ್ ಆಗಿದ್ದೆ ಅಂತ ಅದರಲ್ಲಿ ಬರೆದುಕೊಳ್ಳಬಾರದು. 2008ರಲ್ಲಿ ಒಂದಿಷ್ಟು ಸಡಿಲ ಮಾಡಿ, ಸ್ವಂತ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಫೋನ್, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಕೇಸು ನಡೆಸುತ್ತೇವೆ ಅನ್ನುವಷ್ಟಕ್ಕೆ ಅವಕಾಶ ಕೊಟ್ಟರು.

2024ರ ಜುಲೈ 3ರಂದು ಮದ್ರಾಸ್ ಹೈಕೋರ್ಟ್ ಇನ್ನೂ ಮುಂದೆ ಹೋಯಿತು. ಕ್ವಿಕರ್, ಸುಲೇಖಾ, ಜಸ್ಟ್‌ಡಯಲ್ ತರದ ತಾಣಗಳಲ್ಲಿ ವಕೀಲರು ಕೆಲಸ ಹಿಡಿಯುವುದರ ವಿರುದ್ಧ ಬಂದ ಅರ್ಜಿ ಅದು. ನ್ಯಾಯಮೂರ್ತಿಗಳಾದ ಎಸ್.ಎಂ. ಸುಬ್ರಮಣಿಯಂ ಮತ್ತು ಸಿ. ಕುಮರಪ್ಪನ್ ಅವರ ಪೀಠ, ಹಾಗೆ ಮಾಡುವ ವಕೀಲರ ಮೇಲೆ ಶಿಸ್ತು ಕ್ರಮಕ್ಕೆ ದಾರಿ ಮಾಡಿ ಎಂದು ಪರಿಷತ್ತಿಗೆ ಹೇಳಿತು. ವಕೀಲರಿಗೆ ಗ್ರಾಹಕರು ರೇಟಿಂಗ್ ಕೊಡುವುದು ಕೇಳರಿಯದ ಸಂಗತಿ, ಅದು ವೃತ್ತಿಗೇ ಅವಮಾನ ಎಂಬ ಅರ್ಥದ ಮಾತನ್ನೂ ಆಡಿತು. ಅದಕ್ಕೆ ಎರಡು ತಿಂಗಳಿಗೂ ಕಡಿಮೆ ಮುಂಚೆ, ಅದೇ ವರ್ಷ ಮೇ 14ರಂದು, ಸುಪ್ರೀಂ ಕೋರ್ಟ್ ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಬರುವುದಿಲ್ಲ ಎಂದಿತ್ತು. ಚೆಕ್ ಬೌನ್ಸ್ ಕೇಸೊಂದರ ಕಕ್ಷಿದಾರ ಮತ್ತು ಅವರ ವಕೀಲರ ನಡುವೆ ಹುಟ್ಟಿದ ಜಗಳ ಅದು. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ವಕೀಲರ ಮೇಲೂ ದೂರು ಕೊಡಬಹುದು ಎಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ಅಳಿಸಿತು. ಡಾಕ್ಟರ ಮೇಲೆ 1995ರಿಂದಲೂ ಗ್ರಾಹಕ ವೇದಿಕೆಗೆ ಹೋಗಬಹುದು. ವಕೀಲರ ಮೇಲೆ ಹೋಗುವ ಹಾಗಿಲ್ಲ. ಮಾಮೂಲು ಸಿವಿಲ್ ಕೋರ್ಟಿಗೆ ಹೋಗಬಹುದು, ಅಂದರೆ ಇನ್ನೊಬ್ಬ ವಕೀಲರನ್ನು ಇಟ್ಟುಕೊಂಡು ಮತ್ತೊಂದು ಕೇಸು.

ಸುಪ್ರೀಂ ಕೋರ್ಟ್ ಆ ತೀರ್ಪಿಗೆ ಕೊಟ್ಟ ಒಂದು ಕಾರಣ ನನ್ನನ್ನು ಬಹಳ ಕಾಡಿದೆ. ವಕೀಲರ ಮೇಲೆ ಕಕ್ಷಿದಾರರಿಗೆ ನೇರ ಹಿಡಿತ ಇರುತ್ತದೆ, ಕಕ್ಷಿದಾರರು ಹೇಳಿದಂತೆಯೇ ವಕೀಲರು ನಡೆಯಬೇಕು, ಹಾಗಾಗಿ ಇದು ವೈಯಕ್ತಿಕ ಸೇವೆಯ ಒಪ್ಪಂದ, ಅಂಥದ್ದು ಗ್ರಾಹಕ ಕಾಯ್ದೆಯ ಹೊರಗೆ ಎಂಬುದು ಆ ಕಾರಣ. ಕಾನೂನಿನಲ್ಲಿ ಅದು ಸರಿಯೇ ಇರಬಹುದು. ಆದರೆ ತಾಲೂಕು ಕೋರ್ಟಿನ ಹೊರಗಿನ ಬೆಂಚಿನಲ್ಲಿ ಬೆಳಗ್ಗೆ ಹತ್ತರಿಂದ ಕೂತವರನ್ನು ನೋಡಿ. ಒಳಗೆ ತಮ್ಮ ಕೇಸು ಕೂಗಿದರಾ ಇಲ್ಲವಾ ಅಂತಲೇ ಅವರಿಗೆ ಗೊತ್ತಿರುವುದಿಲ್ಲ. ಮಧ್ಯಾಹ್ನ ಗುಮಾಸ್ತರು ಬಂದು “ವಾಯಿದೆ ಆಯ್ತು, ಮುಂದಿನ ತಿಂಗಳು ಬನ್ನಿ” ಅಂದರೆ ಎದ್ದು ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಇವರ ಕೈಯಲ್ಲಿ ಯಾವ ಹಿಡಿತವಿದೆ?

ಜಾಹೀರಾತು ನಿಷೇಧ ಇರಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ದುಡ್ಡಿದ್ದವರ ಮುಖವೇ ಎಲ್ಲ ಕಡೆ ಕಾಣುವ ಹಾಗಾದರೆ ಹೊಸದಾಗಿ ಬಂದ, ಓದಿಕೊಂಡ ಹುಡುಗ ಹುಡುಗಿಯರಿಗೆ ಜಾಗ ಇರುವುದಿಲ್ಲ. ಆದರೆ ವಕೀಲರು ತಮ್ಮ ಬಗ್ಗೆ ಹೇಳಿಕೊಳ್ಳುವುದು ಬೇರೆ, ಕಕ್ಷಿದಾರರು ತಾವು ಕಂಡದ್ದನ್ನು ಹೇಳುವುದು ಬೇರೆ. ನಿಯಮ ಇರುವುದು ವಕೀಲರ ಬಾಯಿಗೆ. ಕಕ್ಷಿದಾರರ ಬಾಯನ್ನೂ ಅದರ ಜೊತೆ ಕಟ್ಟಬಾರದು.

ಹಾಗಂತ ವಕೀಲರ ಕಷ್ಟವನ್ನೂ ನೋಡಬೇಕು. ಹೋಟೆಲಿನವರು ಕೆಟ್ಟ ಅಭಿಪ್ರಾಯಕ್ಕೆ ಉತ್ತರ ಬರೆಯಬಹುದು. ವಕೀಲರು ಬರೆಯುವ ಹಾಗಿಲ್ಲ. ಕಕ್ಷಿದಾರರು ಹೇಳಿದ್ದನ್ನು ಹೊರಗೆ ಬಿಡಬಾರದು ಅನ್ನುವುದು 1872ರ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಅದರ ಬದಲಿಗೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ಶಿಕಾಗೋದ ಒಬ್ಬ ವಕೀಲೆಯ ಬಗ್ಗೆ ಹಳೆಯ ಕಕ್ಷಿದಾರನೊಬ್ಬ ಅವ್ವೋದಲ್ಲಿ ಕೆಟ್ಟದಾಗಿ ಬರೆದ. ಆಕೆ ಸಿಟ್ಟಿನಲ್ಲಿ, ಅವನ ಕೆಲಸ ಹೋದದ್ದು ಯಾಕೆ ಅಂತ ಉತ್ತರದಲ್ಲಿ ಬರೆದುಬಿಟ್ಟರು. 2014ರಲ್ಲಿ ಅವರಿಗೇ ವಾಗ್ದಂಡನೆ ಆಯಿತು. ಅಮೆರಿಕದ ವಕೀಲರ ಸಂಘ 2021ರಲ್ಲಿ ಇದೇ ವಿಷಯಕ್ಕೆ ಸಲಹೆ ಹೊರಡಿಸಿ, ಸಾಧ್ಯವಾದರೆ ಉತ್ತರಿಸಬೇಡಿ ಎಂದಿದೆ. ಅಂದರೆ ನಾವು ಬರೆದದ್ದಕ್ಕೆ ಎದುರುತ್ತರ ಬರುವುದಿಲ್ಲ. ಉತ್ತರ ಕೊಡಲಾಗದವರ ಬಗ್ಗೆ ಬರೆಯುವಾಗ ಕೈ ಇನ್ನಷ್ಟು ಬಿಗಿ ಹಿಡಿಯಬೇಕು ಅಂತ ನನಗೆ ಅನಿಸುತ್ತದೆ.

ಬರೆಯುವವರಿಗೂ ಅಪಾಯವಿದೆ. ಇಂಗ್ಲೆಂಡಿನಲ್ಲಿ ಒಬ್ಬರು 200 ಪೌಂಡ್ ಕೊಟ್ಟು ಒಂದು ವಕೀಲ ಸಂಸ್ಥೆಯಿಂದ ಸಲಹೆ ಪಡೆದರು. ತೃಪ್ತಿಯಾಗಲಿಲ್ಲ. ಟ್ರಸ್ಟ್‌ಪೈಲಟ್ ತಾಣದಲ್ಲಿ ಅವರನ್ನು ಮೋಸಗಾರರು ಅನ್ನುವ ಹಾಗೆ ಬರೆದರು. ಸಂಸ್ಥೆ ಮಾನನಷ್ಟದ ದಾವೆ ಹಾಕಿತು. 2021ರಲ್ಲಿ ಲಂಡನ್ನಿನ ಹೈಕೋರ್ಟ್ 25,000 ಪೌಂಡ್ ಪರಿಹಾರ ಕೊಡಿ ಎಂದಿತು. ನಮ್ಮಲ್ಲಿ ಮಾನಹಾನಿ ಸಿವಿಲ್ ಮಾತ್ರ ಅಲ್ಲ, ಕ್ರಿಮಿನಲ್ ಕೂಡ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಹೇಳಿದ್ದು ನಿಜ, ಜನರ ಹಿತಕ್ಕಾಗಿ ಹೇಳಿದ್ದು ಅಂತ ತೋರಿಸಿದರೆ ರಕ್ಷಣೆ ಇದೆ. ತೋರಿಸಬೇಕು, ಅಷ್ಟೇ.

ಚಿಕ್ಕಮ್ಮ ಹಳೆಯ ಲಾಯರ ಬಗ್ಗೆ ಬರೆಯಲೇಬೇಕು ಅಂತ ಹಠ ಹಿಡಿದರು. “ಮೋಸಗಾರ ಅಂತ ಹಾಕು.” “ಮೋಸ ಮಾಡಿದ್ದಕ್ಕೆ ಏನಿದೆ ಚಿಕ್ಕಮ್ಮ, ನಿಮ್ಮ ಹತ್ರ?” “ಎದುರಿನವರ ಹತ್ರ ದುಡ್ಡು ತಿಂದಿರಬೇಕು.” “ನೋಡಿದ್ರಾ?” ಸುಮ್ಮನಾದರು. ಆಮೇಲೆ ನೋಡಿದ್ದನ್ನು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಕೊನೆಗೆ ಹಾಕಿದ್ದು ಇಷ್ಟು:

‘ಆಸ್ತಿ ಪಾಲಿನ ದಾವೆಗೆ ಇವರನ್ನು ಇಟ್ಟುಕೊಂಡಿದ್ದೆವು. ಮಾತು ಮರ್ಯಾದೆ ಚೆನ್ನಾಗಿತ್ತು. ಕೊಟ್ಟ ಫೀಸಿಗೆ ಕೇಳಿದರೂ ರಸೀದಿ ಸಿಗಲಿಲ್ಲ. ವಾಯಿದೆ ಯಾವತ್ತು ಅಂತ ನಾವೇ ಗುಮಾಸ್ತರಿಗೆ ಫೋನ್ ಮಾಡಿ ತಿಳಿಯಬೇಕಿತ್ತು. ನಮ್ಮ ಸಾಕ್ಷಿಯ ದಿನ ಅವರು ಬರಲಿಲ್ಲ, ಜೂನಿಯರ್ ಬಂದು ಸಮಯ ಕೇಳಿದರು. ಎದುರಿನವರ ಲಿಖಿತ ಹೇಳಿಕೆಯ ನಕಲು ನಮ್ಮ ಕೈಗೆ ಬರಲು ತಿಂಗಳುಗಳು ಹಿಡಿದವು.’

ಕೇಸಿನ ಒಳಗಿನ ವಿಷಯ ಒಂದೂ ಇಲ್ಲ. ದಾವೆ ಇನ್ನೂ ನಡೆಯುತ್ತಿದೆ. ನಾವು ಬರೆದದ್ದನ್ನು ಎದುರು ಪಾರ್ಟಿಯ ವಕೀಲರೂ ಓದಬಹುದು, ಪಾಟೀ ಸವಾಲಿನಲ್ಲಿ ಅದನ್ನೇ ಮುಂದೆ ಹಿಡಿಯಬಹುದು. ಸ್ಟಾರ್ ಎಷ್ಟು ಅಂತ ಕೇಳಿದಾಗ ಚಿಕ್ಕಮ್ಮ ಎರಡು ಅಂದರು. ನನಗೆ ಆ ಎರಡಕ್ಕಿಂತ ಮೇಲಿನ ಆ ಕೆಲವು ಸಾಲು ಮುಖ್ಯ. ಇವೆಲ್ಲ ಕಾನೂನು ಓದದವರಿಗೂ ಕಾಣುವ ಸಂಗತಿಗಳು. ದಾವೆ ಸರಿಯಾಗಿ ಬರೆದಿದ್ದಾರಾ ಅಂತ ಚಿಕ್ಕಮ್ಮ ಹೇಳಲಾರರು. ದಿನಾಂಕ ತಿಳಿಸಿದರಾ, ರಸೀದಿ ಕೊಟ್ಟರಾ, ನಕಲು ಕೊಟ್ಟರಾ, ಹೇಳಿದ ದಿನ ಬಂದು ನಿಂತರಾ, ಇದನ್ನು ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಬೇರೆ ಯಾರೂ ಇಲ್ಲ. ಎಲ್ಲ ಕಕ್ಷಿದಾರರೂ ಇಷ್ಟನ್ನೇ ಬರೆದರೆ ಮುಂದೆ ಬರುವವರಿಗೆ ಎಷ್ಟೋ ದಾರಿ ಸಿಗುತ್ತದೆ. ಇದೇನು ದೊಡ್ಡ ಬೇಡಿಕೆಯೂ ಅಲ್ಲ. ಕಕ್ಷಿದಾರರ ಹಣದ ಲೆಕ್ಕ ಇಡಬೇಕು, ಕೇಳಿದರೆ ಅದರ ನಕಲು ಕೊಡಬೇಕು ಅಂತ ಪರಿಷತ್ತಿನ ನಿಯಮವೇ ಇದೆ.

ಲಾಯರ್ ಬದಲಾಯಿಸುವಾಗ ಇನ್ನೊಂದು ತೊಡಕು ಬಂತು. ಬಾಕಿ ಫೀಸು ಕೊಡುವವರೆಗೆ ಫೈಲ್ ಕೊಡುವುದಿಲ್ಲ ಅಂದರು. ಹೀಗೆ ಹೇಳಿಸಿಕೊಂಡು ಎಷ್ಟು ಜನ ಸುಮ್ಮನೆ ವಾಪಸ್ ಬಂದಿದ್ದಾರೋ. ಫೀಸಿಗಾಗಿ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ, ಆರ್.ಡಿ. ಸಕ್ಸೇನಾ ಅವರ ಪ್ರಕರಣದಲ್ಲಿ, ಹೇಳಿಬಿಟ್ಟಿದೆ. ಆ ತೀರ್ಪಿನ ಹೆಸರು ಹೇಳಿ ಒಂದು ಪತ್ರ ಬರೆದೆವು. ಫೈಲ್ ಬಂತು.

ಹೊಸ ಲಾಯರನ್ನು ಹುಡುಕಿದ್ದು ಸ್ಟಾರಿನಿಂದಲ್ಲ, ಕೋರ್ಟುಗಳ ಕೇಸಿನ ವಿವರ ಸಿಗುವ ಇ-ಕೋರ್ಟ್ಸ್ ಎಂಬ ಸರ್ಕಾರಿ ತಾಣದಿಂದ. ಇದನ್ನು ಇನ್ನೂ ಬಹಳ ಜನ ಬಳಸುತ್ತಿಲ್ಲ ಅನ್ನುವುದೇ ನನಗೆ ಬೇಸರ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಆ ಕೇಸಿನ ಇಡೀ ಇತಿಹಾಸ ತೆರೆದುಕೊಳ್ಳುತ್ತದೆ. ಒಂದೊಂದು ತಾರೀಖಿನ ಮೇಲೆ ಒತ್ತಿದರೆ ಆ ದಿನ ಕೋರ್ಟಿನಲ್ಲಿ ಏನಾಯಿತು ಅಂತ ಒಂದೆರಡು ಸಾಲು ಬರುತ್ತದೆ. ಚಿಕ್ಕಮ್ಮನ ಕೇಸಿನಲ್ಲಿ ಒತ್ತುತ್ತಾ ಹೋದಾಗ ಅದೇ ಮಾತು ಮತ್ತೆ ಮತ್ತೆ ಬಂತು: ವಾದಿ ಪರ ವಕೀಲರು ಸಮಯ ಕೇಳಿದ್ದಾರೆ. “ಎದುರಿನವರು ಎಳೀತಾ ಇದಾರೆ” ಅಂತ ಚಿಕ್ಕಮ್ಮನಿಗೆ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಸಮಯ ಕೇಳುತ್ತಿದ್ದವರು ನಮ್ಮ ಕಡೆಯವರೇ.

ಕೇಸಿನ ಸಂಖ್ಯೆ ಬೇಡ, ವಕೀಲರ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿಯೂ ಹುಡುಕಬಹುದು. ಆ ಕೋರ್ಟಿನಲ್ಲಿ ಅವರು ನಡೆಸುತ್ತಿರುವ ಮತ್ತು ಮುಗಿಸಿದ ಕೇಸುಗಳು ಕಾಣುತ್ತವೆ. ಪಾಲಿನ ದಾವೆ ನಡೆಸಿದವರು ಯಾರು, ಚೆಕ್ ಬೌನ್ಸ್ ಮಾತ್ರ ನೋಡುವವರು ಯಾರು ಅಂತ ಒಂದು ಅಂದಾಜು ಸಿಗುತ್ತದೆ. ಇದನ್ನೂ ಹುಷಾರಾಗಿ ಓದಬೇಕು. ವಾಯಿದೆ ಬಿದ್ದದ್ದೆಲ್ಲ ವಕೀಲರ ತಪ್ಪಲ್ಲ. ನ್ಯಾಯಾಧೀಶರು ರಜೆ ಇರುತ್ತಾರೆ, ಸಮನ್ಸ್ ಜಾರಿಯಾಗಿರುವುದಿಲ್ಲ, ಸರ್ವೆ ಇಲಾಖೆಯ ವರದಿ ಬಂದಿರುವುದಿಲ್ಲ. ದಾವೆಯ ವಿಚಾರಣೆಯಲ್ಲಿ ಒಂದು ಕಡೆಯವರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳಿದರೂ ನಡೆಯುವುದು ಬೇರೆ. ಆದರೆ ಇಲ್ಲಿ ಬರೆದಿರುವುದು ದುಡ್ಡು ಕೊಟ್ಟು ಬರೆಸಿದ್ದಲ್ಲ, ಸಿಟ್ಟಿನಲ್ಲಿ ಬರೆದದ್ದೂ ಅಲ್ಲ.

ಆಮೇಲೆ ಕೋರ್ಟಿಗೇ ಹೋಗಿ ಕೂತೆವು. ಕೋರ್ಟ್ ಹಾಲಿನ ಬಾಗಿಲು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು. ನಾನು ಹೆಸರು ಬರೆದಿಟ್ಟುಕೊಂಡಿದ್ದ ಆ ಒಂದು ಸ್ಟಾರಿನ ವಕೀಲೆ ಅವತ್ತು ಒಬ್ಬ ಸಾಕ್ಷಿಯನ್ನು ಪಾಟೀ ಸವಾಲು ಮಾಡುತ್ತಿದ್ದರು. ದನಿ ಏರಿಸಲಿಲ್ಲ. ಕೈಯಲ್ಲಿ ಪಹಣಿಯ ಪ್ರತಿ ಇತ್ತು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಿದ್ದರು. ಚಿಕ್ಕ ಚಿಕ್ಕ ಪ್ರಶ್ನೆ ಕೇಳಿ, ನ್ಯಾಯಾಧೀಶರು ಉತ್ತರವನ್ನು ಟೈಪಿಸ್ಟಿಗೆ ಹೇಳಿ ಬರೆಸುವವರೆಗೆ ಕಾಯುತ್ತಿದ್ದರು. ಬರೆಸಿದ ಒಂದು ಸಾಲಿನಲ್ಲಿ ವರ್ಷ ತಪ್ಪಿದಾಗ, ಎದ್ದು ಮರ್ಯಾದೆಯಿಂದ ಹೇಳಿ ತಿದ್ದಿಸಿದರು. ಚಿಕ್ಕಮ್ಮ ನನ್ನ ಮೊಣಕೈ ತಟ್ಟಿ “ಇವರೇ ಸಾಕು” ಎಂದರು. ಹೊರಗೆ ಬಂದ ಮೇಲೆ ಮಾತಾಡಿಸಿದಾಗ ಆ ವಕೀಲೆ ಹೇಳಿದ ಮೊದಲ ಮಾತು, “ಅಮ್ಮ, ಫೈಲ್ ನೋಡದೆ ನಾನು ಏನೂ ಹೇಳಲ್ಲ.”

ಹೀಗೆ ನೋಡಿ ಆರಿಸುವಷ್ಟು ದುಡ್ಡು, ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಆದಾಯ ಕಡಿಮೆ ಇರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಬಹುದು. ಹೆಂಗಸರಿಗೆ ಇದಕ್ಕೆ ಆದಾಯದ ಮಿತಿ ಇಲ್ಲ, ಚಿಕ್ಕಮ್ಮನಿಗೆ ಈ ವಿಷಯವನ್ನು ಯಾರೂ ಹೇಳಿಯೇ ಇರಲಿಲ್ಲ.

ನಿಜವಾಗಿ ದುರ್ನಡತೆ ಆಗಿದ್ದರೆ ಅದಕ್ಕೆ ಸ್ಟಾರ್ ಸಾಲದು. ವಕೀಲರ ಕಾಯ್ದೆಯ 35ನೇ ಕಲಂ ಪ್ರಕಾರ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬೇಕು. ಶಿಸ್ತು ಸಮಿತಿ ಒಂದು ವರ್ಷದಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಯಾವ ವಕೀಲರ ಹೆಸರು ಹಾಕಿದರೂ ಪರವಾನಗಿ ಚಾಲ್ತಿಯಲ್ಲಿದೆಯಾ, ಶಿಸ್ತು ಕ್ರಮ ಏನಾದರೂ ಆಗಿದೆಯಾ ಅಂತ ಅಲ್ಲಿನ ವಕೀಲರ ಪರಿಷತ್ತಿನಂಥ ಸ್ಟೇಟ್ ಬಾರ್‌ನ ತಾಣವೇ ತೋರಿಸುತ್ತದೆ. ರೇಟಿಂಗ್ ಕೊಡುವುದು ವೃತ್ತಿಗೆ ಅವಮಾನ ಅನ್ನುವುದಾದರೆ, ಪರಿಷತ್ತುಗಳೇ ಈ ಕೆಲಸ ಮಾಡಲಿ. ದೂರು ಬಂತು ಅಂದ ಮಾತ್ರಕ್ಕೆ ಯಾರ ಹೆಸರನ್ನೂ ಹಾಕುವುದು ಬೇಡ. ಸಾಬೀತಾಗಿ ಶಿಕ್ಷೆಯಾದ ಪ್ರಕರಣಗಳನ್ನು, ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿದರೆ ಸಿಗುವ ಹಾಗೆ, ಕನ್ನಡದಲ್ಲಿ, ಚಿಕ್ಕಮ್ಮನಂಥವರು ಮೊಬೈಲಿನಲ್ಲಿ ಓದುವ ಹಾಗೆ ಹಾಕಲಿ.